ಬೆಳೆಯೋ ಹುಡುಗನಿಗೆ ಬ್ಯಾಟ್: ಅಳತೆಯದ್ದೋ, ಒಂದು ಸೈಜ್ ದೊಡ್ಡದೋ?

ಹುಬ್ಬಳ್ಳಿಯ ಅಂಗಡಿಯಲ್ಲಿ ಅಪ್ಪಂದಿರು ಕೇಳುವುದು ಹೀಗೆ: "ಬೆಳೆಯೋ ಹುಡುಗ, ಒಂದು ಸೈಜ್ ದೊಡ್ಡದೇ ಕೊಡ್ರೀ." ನಾನೂ ಹಾಗೆಯೇ ಐದರ ಬದಲು ಆರನೇ ಸೈಜ್ ತಂದಿದ್ದೆ.

ಮಗನಿಗೆ ಅದನ್ನು ಎತ್ತಲು ತಡವಾಗುತ್ತಿತ್ತು. ಹಿಡಿಕೆಯ ಮೇಲಿನ ಎರಡು ಕೈಗಳಲ್ಲಿ ಕೆಳಗಿನದನ್ನು ಬಿಗಿಹಿಡಿದು, ನೇರ ಬಂದ ಚೆಂಡನ್ನೂ ಲೆಗ್ ಸೈಡಿಗೆ ಎಳೆಯುತ್ತಿದ್ದ. ಐದನೇ ಸೈಜ್ ಕೊಟ್ಟ ಮೇಲೆ ಬ್ಯಾಟ್ ನೇರ ಬರತೊಡಗಿತು. ದೊಡ್ಡದು ಇನ್ನೊಂದು ವರ್ಷ ಬಾಳಿಕೆ ಬರುತ್ತದೆ, ನಿಜ. ಆದರೆ ಆ ವರ್ಷ ಕೈಗೆ ಅಂಟಿದ ತಪ್ಪು ಬಿಡಿಸುವುದು ಕಷ್ಟ ಅಲ್ವಾ?

ಹುಡುಗನ ಎತ್ತರ ಸುಮಾರು 4 ಅಡಿ 10 ಇಂಚಿದ್ದರೆ ಐದನೇ ಸೈಜ್, 5 ಅಡಿ ದಾಟಿದರೆ ಆರು. ಅಂಗಡಿಯಲ್ಲೇ ಮೇಲಿನ ಕೈ ಒಂದರಿಂದ ಎತ್ತಿ ಹಿಡಿಯಲು ಹೇಳಿ. ಮಣಿಕಟ್ಟು ನಡುಗಿದರೆ ಆ ಬ್ಯಾಟ್ ಬೇಡ.

ಇನ್ನು ಮರ. ಕಾಶ್ಮೀರ್ ವಿಲೋ ಅಗ್ಗ, ಸ್ವಲ್ಪ ಭಾರ. ಇಂಗ್ಲಿಷ್ ವಿಲೋದಲ್ಲಿ ಚೆಂಡು ಚೆನ್ನಾಗಿ ಚಿಮ್ಮುತ್ತದೆ, ಬೆಲೆ ಮಾತ್ರ ತುಂಬಾ ಜಾಸ್ತಿ. ಸೈಜ್ ಬೇಗ ಬದಲಾಗುವಾಗ ಸುಮ್ನೆ ಅಷ್ಟು ಖರ್ಚು ಬೇಡ, ಕಾಶ್ಮೀರ್ ಸಾಕು. ಲೆದರ್ ಬಾಲ್ ಪಂದ್ಯ ಶುರುವಾಗಿದ್ದರೆ, ಹಿರಿಯ ಹುಡುಗರು ಆಡಿಬಿಟ್ಟ ಇಂಗ್ಲಿಷ್ ವಿಲೋ ಹುಡುಕಿ. ಅದು ಆಗಲೇ ಪಳಗಿರುತ್ತದೆ. ತುದಿಯಲ್ಲಿ ಬಿರುಕಿದೆಯೇ ಎಂದು ಬೆರಳಾಡಿಸಿ ನೋಡಿ.