ಮೂಲೆ ಗುಣಿಸುವುದೋ, ಕಂಬಸಾಲು ಓದುವುದೋ?

ಮ್ಯಾಟ್ರಿಕ್ಸ್ (ಸಾಲುಗಳಲ್ಲಿ ಜೋಡಿಸಿದ ಸಂಖ್ಯೆಗಳ ಚೌಕಟ್ಟು) ಒಂದು ಆಕೃತಿಗೆ ಏನು ಮಾಡುತ್ತದೆ ಅಂತ ತಿಳಿಯಲು ಎರಡು ದಾರಿಗಳಿವೆ. ಪ್ರತಿ ಮೂಲೆಯನ್ನೂ ಗುಣಿಸಿ ಹೊಸ ಬಿಂದು ಗುರುತಿಸುವುದು ಒಂದು. ಕಂಬಸಾಲುಗಳನ್ನೇ (ಮೇಲಿಂದ ಕೆಳಕ್ಕೆ ಇಳಿಯುವ ಸಾಲುಗಳನ್ನು) ನೇರವಾಗಿ ಓದುವುದು ಇನ್ನೊಂದು.

ಮೇಲಿನ ಸಾಲು 2, 1, ಕೆಳಗಿನದು 0, 1 ಅಂತಿಟ್ಟುಕೊಳ್ಳಿ. ಬಾಹು 1 ಇರುವ ಚೌಕವನ್ನು ಮೂಲಬಿಂದುವಿಗೆ ತಾಗಿಸಿ ಇಟ್ಟು ಗುಣಿಸಿದರೆ ಮೂಲೆಗಳು (0,0), (2,0), (3,1), (1,1) ಆಗುತ್ತವೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಚಿತ್ರ ಬರೆದು ಮುಗಿಸುವ ತನಕ ಏನಾಯಿತೆಂದು ಹೊಳೆಯುವುದಿಲ್ಲ, ನಡುವೆ ಒಂದು ಚಿಹ್ನೆ ತಪ್ಪಿದರೂ ಗೊತ್ತಾಗುವುದಿಲ್ಲ.

ಈಗ ಕಂಬಸಾಲು ನೋಡಿ. ಮೊದಲನೆಯದು (2,0): ಅಂದರೆ (1,0) ಬಿಂದು ಹೋಗಿ ಕೂರುವ ಜಾಗ ಅದು. ಎರಡನೆಯದು (1,1): ಅದು (0,1)ರ ಹೊಸ ಮನೆ. ಅಡ್ಡಬಾಹು ಎರಡರಷ್ಟು ಹಿಗ್ಗಿತು, ನೆಟ್ಟಗಿದ್ದ ಬಾಹು ಬಲಕ್ಕೆ ವಾಲಿತು. ಚೌಕ ಸಮಾಂತರ ಚತುರ್ಭುಜವಾಯಿತು. ನಿರ್ಧಾರಕ (ವಿಸ್ತೀರ್ಣ ಎಷ್ಟು ಪಟ್ಟಾಗುತ್ತದೆಂದು ಹೇಳುವ ಸಂಖ್ಯೆ) 2×1 − 1×0 = 2, ಹಾಗಾಗಿ ವಿಸ್ತೀರ್ಣವೂ ಎರಡರಷ್ಟು. ನಿರ್ಧಾರಕ ಋಣವಾಗಿದ್ದರೆ ಆಕೃತಿ ಕನ್ನಡಿಯಲ್ಲಿ ಕಂಡಂತೆ ತಿರುಗಿಬೀಳುತ್ತದೆ, ಸೊನ್ನೆಯಾದರೆ ಚಪ್ಪಟೆಯಾಗಿ ಒಂದು ಗೆರೆಗೋ ಬಿಂದುವಿಗೋ ಇಳಿಯುತ್ತದೆ.

ನನ್ನ ಮತ ಕಂಬಸಾಲಿಗೆ. (ಅಡ್ಡಸಾಲನ್ನು ಕಂಬಸಾಲೆಂದು ಓದಿ ನಾನೂ ಎಡವಿದ್ದೇನೆ, ಎಚ್ಚರ.) ಆಕೃತಿ ವಕ್ರವಾಗಿದ್ದು ನಿಖರ ಬಿಂದುಗಳೇ ಬೇಕಾದರೆ ಮಾತ್ರ ಗುಣಾಕಾರಕ್ಕಿಳಿಯಿರಿ. ಆಕೃತಿಯನ್ನು ಸುಮ್ಮನೆ ಪಕ್ಕಕ್ಕೆ ಸರಿಸುವುದು ಎರಡು ದಾರಿಯಲ್ಲೂ ಆಗದು: 2×2 ಮ್ಯಾಟ್ರಿಕ್ಸ್ ಮೂಲಬಿಂದುವನ್ನು ಕದಲಿಸುವುದೇ ಇಲ್ಲ.