ನಗೋಯಾದ ತೊಕುಗಾವಾ ಆರ್ಟ್ ಮ್ಯೂಸಿಯಂ: ಒಂದು ಪೆಟ್ಟಿಗೆಯ ಮುಂದೆ ಅರ್ಧ ಗಂಟೆ

ನಾನು ಹಳೇ ಪುಸ್ತಕಗಳಿಗೆ ಬೈಂಡಿಂಗ್ ಮಾಡುವವಳು. ಹಾಗಾಗಿ ಜಪಾನಿನ ನಗೋಯಾದಲ್ಲಿ ಕೋಟೆಗಿಂತ ಮೊದಲು ಹುಡುಕಿಕೊಂಡು ಹೋಗಿದ್ದು ಈ ಮ್ಯೂಸಿಯಂ. ಓಜೋನೆ ಸ್ಟೇಷನ್ನಿನಿಂದ ನಡೆದೇ ಹೋಗಬಹುದು.

ಇಲ್ಲಿರುವುದು ಓವಾರಿ ತೊಕುಗಾವಾ ಮನೆತನದ ಸಂಗ್ರಹ. ಶೋಗನ್ (ಜಪಾನನ್ನು ಆಳುತ್ತಿದ್ದ ಸೇನಾಧಿಪತಿ) ಇಯೆಯಾಸುವಿನ ಒಂಬತ್ತನೇ ಮಗನ ವಂಶ ಇದು. 19ನೇ ತಲೆಮಾರಿನ ಯೊಶಿಚಿಕಾ 1931ರಲ್ಲಿ ಟ್ರಸ್ಟ್ ಮಾಡಿ ಮನೆತನದ ವಸ್ತುಗಳನ್ನು ಅದಕ್ಕೆ ಒಪ್ಪಿಸಿದರು. 1935ರಲ್ಲಿ ಮ್ಯೂಸಿಯಂ ಬಾಗಿಲು ತೆರೆಯಿತು. ಎಷ್ಟೋ ದೊಡ್ಡ ಮನೆಗಳ ಸಂಗ್ರಹ ಹರಾಜಿನಲ್ಲಿ ಚೆಲ್ಲಾಪಿಲ್ಲಿಯಾದ ಕಾಲ ಅದು. 1945ರ ಬಾಂಬ್ ದಾಳಿಯಲ್ಲಿ ನಗೋಯಾ ಕೋಟೆಯೇ ಸುಟ್ಟುಹೋಯಿತು, ಈ ಸಂಗ್ರಹ ಉಳಿಯಿತು.

ಕತ್ತಿ, ಕವಚಗಳ ಕೋಣೆಯನ್ನು ಬೇಗ ದಾಟಿದೆ. ಕಾಲು ನಿಂತಿದ್ದು 'ಹತ್ಸುನೆ' ಅನ್ನೋ ಹೆಸರಿನ ಮದುವೆ ಸಾಮಾನಿನ ಒಂದು ಪುಟ್ಟ ಪೆಟ್ಟಿಗೆಯ ಮುಂದೆ. 1639ರಲ್ಲಿ ಶೋಗನ್ ಇಯೆಮಿತ್ಸುವಿನ ಮಗಳು ಚಿಯೊಹಿಮೆ ಈ ಮನೆಗೆ ಸೊಸೆಯಾಗಿ ಬಂದಾಗ ತಂದಿದ್ದು. ಆಗ ಅವಳಿಗೆ ಎರಡೇ ವರ್ಷ! ಅರಗಿನ ಮೇಲೆ ಚಿನ್ನದ ಪುಡಿ ಉದುರಿಸಿ ಬಿಡಿಸಿದ ತೋಟ. ಅದರ ನಡುವೆ ಒಂದು ಕವಿತೆಯ ಅಕ್ಷರಗಳನ್ನು ಅಲ್ಲಲ್ಲಿ ಬಚ್ಚಿಟ್ಟಿದ್ದಾರೆ. ಜಪಾನಿನ ಹಳೇ ಕಾದಂಬರಿ 'ಗೆಂಜಿ ಕಥೆ'ಯ 'ಹತ್ಸುನೆ' ಅಧ್ಯಾಯದಲ್ಲಿ ದೂರವಾದ ಮಗಳ ದನಿಗಾಗಿ ಕಾಯುವ ತಾಯಿಯ ಕವಿತೆ ಅದು. ಎರಡು ವರ್ಷದ ಕೂಸಿನ ಸಾಮಾನಿನ ಮೇಲೆ ಆ ಸಾಲುಗಳು! ನನಗೆ ಕಣ್ಣು ತುಂಬಿ ಬಂತು. ದಿನವಿಡೀ ನೋಡಿದರೂ ಸಾಲದು ಅಂತ ಇದಕ್ಕೆ 'ಹಿಗುರಾಶಿ' ಅನ್ನೋ ಇನ್ನೊಂದು ಹೆಸರೂ ಇದೆ. ಸರಿಯಾಗಿಯೇ ಇಟ್ಟಿದ್ದಾರೆ, ಅಲ್ವಾ?

ಇದೇ ಗೆಂಜಿ ಕಥೆಯನ್ನು ಚಿತ್ರಗಳಲ್ಲಿ ಹೇಳುವ 12ನೇ ಶತಮಾನದ ಸುರುಳಿಯ ಮೂಲ ನೋಡಲು ಸಿಗಲಿಲ್ಲ. ವರ್ಷದಲ್ಲಿ ಸ್ವಲ್ಪ ದಿನ ಮಾತ್ರ, ಅದೂ ಕೆಲವೇ ಭಾಗ ಹೊರಗೆ ಬರುತ್ತದೆ. ಉಳಿದ ದಿನ ನಕಲುಗಳು. ಮೊದಲು ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಬೆಳಕಿಗೆ ಹೋದ ಬಣ್ಣ ವಾಪಸ್ ಬರುವುದಿಲ್ಲ. ದಿನಾ ಹಳೇ ಕಾಗದ ಮುಟ್ಟುವ ನನಗೆ ಅದು ಗೊತ್ತು. ಮುಚ್ಚಿಟ್ಟಿದ್ದಕ್ಕೇ ಅದು ಉಳಿದಿದೆ. ಮಂದ ಬೆಳಕಿಗೂ ಕಾರಣ ಅದೇ. ಕಣ್ಣು ಒಗ್ಗುವವರೆಗೆ ಸುಮ್ನೆ ನಿಂತುಕೊಳ್ಳಿ.

ಪಕ್ಕದಲ್ಲೇ ಹೋಸಾ ಬುಂಕೊ ಗ್ರಂಥಾಲಯವಿದೆ. ಈಗ ನಗರದ ಸ್ವತ್ತು. 1616ರಲ್ಲಿ ಇಯೆಯಾಸು ತೀರಿಕೊಂಡ ಮೇಲೆ ಆ ಒಂಬತ್ತನೇ ಮಗನಿಗೆ ಬಂದ ಸುಮಾರು 3000 ಪುಸ್ತಕಗಳೇ ಅದರ ಬುನಾದಿ. ಜನ ಕಡಿಮೆ. ನನಗಂತೂ ಇಲ್ಲೇ ಜಾಸ್ತಿ ಹೊತ್ತು ಹೋಯಿತು.

ಮೂಲ ಸುರುಳಿಯನ್ನೇ ನೋಡಬೇಕು ಅನ್ನುವವರು ಮೊದಲೇ ದಿನ ವಿಚಾರಿಸಿಕೊಂಡು ಹೊರಡಿ. ಸೋಮವಾರ ರಜೆ.