ಇನ್ವರ್ಟರ್ ಕಿಟ್ ತಂದಿದ್ದೀರಾ? ಬ್ಯಾಟರಿ ಕೊಡುವ ಮುಂಚೆ ಹೀಟ್ ಸಿಂಕ್ ನೋಡಿ

ನಮ್ಮ ಚಿಕ್ಕಪ್ಪನ ಮಗ ಮಂಡ್ಯದ ಒಂದು ಅಂಗಡಿಯಿಂದ ಅರ್ಧ ಜೋಡಿಸಿದ ಇನ್ವರ್ಟರ್ ಕಿಟ್ ತಂದಿದ್ದ. ಸರದಿಯಂತೆ ಆನ್-ಆಫ್ ಸಿಗ್ನಲ್ ಕೊಡುವ ಸಿಡಿ4047 ಐಸಿ, ಆ ಸಿಗ್ನಲ್ಲಿಗೆ ಸ್ವಿಚ್ಚಿನಂತೆ ಕೆಲಸ ಮಾಡುವ ಎರಡು ಐಆರ್‌ಎಫ್‌ಝಡ್44ಎನ್ ಮಾಸ್‌ಫೆಟ್, ಎರಡು ಸುತ್ತಿನ ನಡುವೆ ಬ್ಯಾಟರಿ ಪ್ಲಸ್ ಸೇರುವ ಒಂದು 12-0-12 ಟ್ರಾನ್ಸ್‌ಫಾರ್ಮರ್. ಯೂಟ್ಯೂಬಿನಲ್ಲಿ ಎಲ್ಲರೂ ತೋರಿಸುವ ಅದೇ ಸರ್ಕ್ಯೂಟ್. ಕರೆಂಟ್ ಹೋದಾಗ ಆಲೆಮನೆಯಲ್ಲಿ ಎರಡು ಎಲ್‌ಇಡಿ ಬಲ್ಬ್ ಉರಿದರೆ ಸಾಕಿತ್ತು. ಟ್ರ್ಯಾಕ್ಟರ್ ಬ್ಯಾಟರಿಗೆ ಸಿಕ್ಕಿಸಿದ್ದೇ ತಡ, ಒಂದು ಮಾಸ್‌ಫೆಟ್ ಚಟ್ ಅಂತ ಸಿಡಿಯಿತು. ಕೆಂಪು ವೈರಿನ ಪ್ಲಾಸ್ಟಿಕ್ ಕರಗಿ ಹಲಗೆಗೆ ಅಂಟಿಕೊಂಡಿತು. ಕಿಟ್ಟಿನಲ್ಲಿ ಫ್ಯೂಸ್ ಅನ್ನೋದೇ ಇರಲಿಲ್ಲ.

"ಅಣ್ಣ, ಐಸಿ ಹೋಗಿರ್ಬೇಕು, ಬೇರೆ ಹಾಕಿ ನೋಡೋಣ" ಅಂದ. ಎಲ್ಲರೂ ಮೊದಲು ಬೈಯೋದು ಐಸಿನೇ, ಪಾಪ. ಮಾಸ್‌ಫೆಟ್ ಎರಡನ್ನೂ ಬಿಚ್ಚಿ ಬೋರ್ಡಿಗೆ ಮಾತ್ರ 12 ವೋಲ್ಟ್ ಕೊಟ್ಟೆವು. ಐಸಿಯಿಂದ ಮಾಸ್‌ಫೆಟ್ಟಿಗೆ ಸಿಗ್ನಲ್ ಹೋಗುವ 10 ಮತ್ತು 11ನೇ ಪಿನ್ನಿನಲ್ಲಿ ಡಿಸಿ ಮೀಟರ್ ಸುಮಾರು 6 ವೋಲ್ಟ್ ತೋರಿಸಿತು. ಎರಡೂ ಪಿನ್ನು ಅರ್ಧ ಹೊತ್ತು ಆನ್, ಅರ್ಧ ಹೊತ್ತು ಆಫ್ ಆಗುವುದರಿಂದ ಅರ್ಧವೇ ಕಾಣಬೇಕು. ಒಂದರಲ್ಲಿ 0, ಇನ್ನೊಂದರಲ್ಲಿ 12 ಬಂದಿದ್ದರೆ ಆಗ ಐಸಿ ಕಡೆ ನೋಡಬೇಕಿತ್ತು.

ತಪ್ಪು ಇದ್ದದ್ದು ಹೀಟ್ ಸಿಂಕಿನಲ್ಲಿ, ಅಂದರೆ ಮಾಸ್‌ಫೆಟ್ಟಿನ ಬಿಸಿ ಎಳೆದುಕೊಳ್ಳುವ ಲೋಹದ ತುಂಡಿನಲ್ಲಿ. ಈ ಮಾಸ್‌ಫೆಟ್ಟಿನ ಬೆನ್ನಿನ ಲೋಹವೇ ಅದರ ಡ್ರೈನ್, ಅಂದರೆ ಟ್ರಾನ್ಸ್‌ಫಾರ್ಮರಿನ ತುದಿ ಸೇರುವ ಕಾಲು. ಎರಡನ್ನೂ ಒಂದೇ ಅಲ್ಯೂಮಿನಿಯಂ ತುಂಡಿಗೆ ನೇರವಾಗಿ ಸ್ಕ್ರೂ ಹಾಕಿ ಕೊಟ್ಟಿದ್ದರು. ಮಧ್ಯೆ ಕರೆಂಟ್ ತಡೆಯುವ ಮೈಕಾ ಹಾಳೆ ಇಲ್ಲ, ಸ್ಕ್ರೂಗೆ ಪ್ಲಾಸ್ಟಿಕ್ ಬುಶ್ ಇಲ್ಲ. ಅಲ್ಲಿಗೆ ಟ್ರಾನ್ಸ್‌ಫಾರ್ಮರಿನ ಎರಡು ತುದಿಯೂ ಒಂದಾಯಿತು. ಎರಡು ಸುತ್ತಿನಲ್ಲೂ ಕರೆಂಟ್ ಎದುರುಬದುರಾಗಿ ಹರಿದು ಒಂದನ್ನೊಂದು ಕೊಲ್ಲುತ್ತದೆ. ಔಟ್‌ಪುಟ್ ಸೊನ್ನೆ, ಬ್ಯಾಟರಿಗೆ ಮಾತ್ರ ಶಾರ್ಟ್. ಟ್ರಾನ್ಸ್‌ಫಾರ್ಮರಿನ ವೈರ್ ಬಿಚ್ಚಿ (ಇಲ್ಲದಿದ್ದರೆ ಅದರ ಸುತ್ತಿನ ಮೂಲಕವೇ ಕೂಗುತ್ತದೆ), ಮೀಟರಿನ ಬೀಪ್ ಇಟ್ಟು ಎರಡು ಬೆನ್ನು ಮುಟ್ಟಿಸಿ ನೋಡಿ. ಕೂಗಿತೋ, ಬ್ಯಾಟರಿ ಹತ್ತಿರಕ್ಕೂ ಹೋಗಬೇಡಿ.

ಅಂಗಡಿಯವನನ್ನು ಕೇಳಿದರೆ, "ಕಿಟ್‌ಗೆಲ್ಲ ಗ್ಯಾರಂಟಿ ಇಲ್ಲ ಸಾರ್, ಹುಡುಗ ಉಲ್ಟಾ ಕೊಟ್ಟಿರ್ತಾನೆ" ಅಂದ. ಹೊಸ ಮಾಸ್‌ಫೆಟ್ ಬೇರೆ ಮಾರಿದ. ಅದರ ಮೇಲೂ ನನಗೆ ಅನುಮಾನ. ಅದರ ಉಳಿದೆರಡು ಕಾಲಿನಲ್ಲಿ ಕರೆಂಟ್ ಹೊರಹೋಗುವ ಸೋರ್ಸನ್ನು ಬ್ಯಾಟರಿ ಮೈನಸ್‌ಗೆ, ಆನ್ ಮಾಡುವ ಗೇಟನ್ನು ಪ್ಲಸ್‌ಗೆ ಕೊಟ್ಟು, ಪ್ಲಸ್ಸಿಗೂ ಡ್ರೈನಿಗೂ ಮಧ್ಯೆ 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಹಾಕಿದೆ. ಅಸಲಿಯಾದರೆ ಡ್ರೈನ್-ಸೋರ್ಸ್ ನಡುವೆ 80 ಮಿಲಿವೋಲ್ಟಿನ ಆಸುಪಾಸು ಇರಬೇಕು, ಮುಟ್ಟಿದರೆ ಬೆಚ್ಚಗೆ ಅಷ್ಟೇ. ಇದರಲ್ಲಿ ಅರ್ಧ ವೋಲ್ಟಿನ ಹತ್ತಿರ ಬಂತು, ಬೆರಳು ಇಡೋಕಾಗಲಿಲ್ಲ. ಮೇಲೆ ಅಚ್ಚಾದ ಹೆಸರೊಂದೇ ಅಸಲಿ!

ಅದೇ ಹೆಡ್‌ಲೈಟ್ ಬಲ್ಬನ್ನು ಬ್ಯಾಟರಿಯ ಪ್ಲಸ್ ವೈರಿಗೆ ಸೀರೀಸಲ್ಲಿ ಹಾಕಿಯೇ ಇಂಥ ಸರ್ಕ್ಯೂಟನ್ನು ಮೊದಲ ಸಲ ಆನ್ ಮಾಡಬೇಕು, ಔಟ್‌ಪುಟ್ಟಿಗೆ ಏನೂ ಹಾಕದೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಧಗ್ ಅಂತ ಉರಿಯುತ್ತದೆ, ಬೇರೇನೂ ಸುಡಲ್ಲ. ಮಂಕಾಗಿ ಉರಿದರೆ ಅಥವಾ ಉರಿಯದಿದ್ದರೆ ಆಮೇಲೆ ಅದನ್ನು ತೆಗೆದು ಫ್ಯೂಸ್ ಹಾಕಿ. ಬಲ್ಬ್‌ಗಳಷ್ಟೇ ಆದರೆ 10 ಆಂಪಿಯರ್ ಧಾರಾಳ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ, ಬೋರ್ಡಿನ ಹತ್ತಿರ ಅಲ್ಲ.

ಅಂಗಡಿಯವನು ಕಿಟ್ ಜೊತೆ ಎರಡೂ ತುದಿಗೆ ಟೂ-ಪಿನ್ ಇರುವ ವೈರನ್ನೂ ಕೊಟ್ಟಿದ್ದ, ಗೋಡೆ ಸಾಕೆಟ್ಟಿಗೆ ಸಿಕ್ಕಿಸಿ ಮನೆಗೆಲ್ಲ ಲೈಟ್ ಬರುತ್ತೆ ಅಂತ. ಇದಂತೂ ಕೊಲೆ ಕೆಲಸ. ಒಂದು ಕಡೆ ಸಿಕ್ಕಿಸಿದರೆ ಇನ್ನೊಂದು ಕಡೆಯ ಪಿನ್ನು ಕೈಯಲ್ಲೇ 230 ವೋಲ್ಟ್. ಮೇನ್ ಆಫ್ ಮಾಡದಿದ್ದರೆ ಅದು ಹೊರಗಿನ ಲೈನಿಗೂ ಹೋಗುತ್ತದೆ, ಕಂಬದ ಮೇಲೆ ಲೈನ್‌ಮ್ಯಾನ್ ಇರಬಹುದು. ಆ ವೈರಿನ ಒಂದು ತುದಿ ಕತ್ತರಿಸಿ ಬಲ್ಬ್ ಹೋಲ್ಡರ್ ಹಾಕಿ ಕೊಟ್ಟಿದ್ದೇನೆ.